ಮೊಬೈಲ್‌ನಲ್ಲಿ ಸ್ಲೈಡ್: ಜೂಮ್ ಮಾಡದೆ ಓದಿ ನೋಡಿ

ಸಭೆಯಲ್ಲಿ ಪರದೆಯ ಮೇಲೆ ತೋರಿಸುವ ಸ್ಲೈಡ್‌ಗಳನ್ನು ಮಾಡುವುದನ್ನು ಕಲಿಸುವುದು ನನ್ನ ಕೆಲಸ. ಕಲಿಯಲು ಬರುವವರಲ್ಲಿ ಎಷ್ಟೋ ಜನರ ಬಳಿ ಲ್ಯಾಪ್‌ಟಾಪ್ ಇರುವುದಿಲ್ಲ. ಮೊಬೈಲ್‌ನಲ್ಲೇ ಮಾಡಿಕೊಂಡು ಬಂದು, ತೋರಿಸಲು ಹಿಂಜರಿಯುತ್ತಾರೆ. ಹಿಂಜರಿಕೆ ಬೇಕಿಲ್ಲ. ಚಿಕ್ಕ ಪರದೆಯಿಂದ ಒಂದು ದೊಡ್ಡ ಲಾಭವಿದೆ.

ಫೋನನ್ನು ಅಡ್ಡ ಮಾಡದೆ ನೆಟ್ಟಗೆ ಹಿಡಿದಾಗ ಸ್ಲೈಡ್ ಸುಮಾರು 7 ಸೆಂ.ಮೀ. ಅಗಲ ಕಾಣುತ್ತದೆ. ಕಣ್ಣಿನಿಂದ ಅದು 40 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಸಭೆಯಲ್ಲಿ 2 ಮೀಟರ್ ಅಗಲದ ಪರದೆಯನ್ನು 11 ಮೀಟರ್ ದೂರ ಕೂತು ನೋಡಿದರೂ ಕಣ್ಣಿಗೆ ಹೆಚ್ಚುಕಮ್ಮಿ ಅಷ್ಟೇ ಕಾಣುವುದು! ಅಂದರೆ ಹಿಂದಿನ ಸಾಲಿನವರು ನೋಡುವ ಸ್ಲೈಡ್ ಈಗಾಗಲೇ ನಿಮ್ಮ ಕೈಯಲ್ಲಿದೆ. ಜೂಮ್ ಮಾಡದೆ ಅದನ್ನು ಸಲೀಸಾಗಿ ಓದಲು ಆಗದಿದ್ದರೆ, ಅವರಿಗೂ ಆಗುವುದಿಲ್ಲ.

ತೊಂದರೆ ಆಗುವುದೇ ಇಲ್ಲಿ. ಟೈಪ್ ಮಾಡುವಾಗ ಎರಡು ಬೆರಳಲ್ಲಿ ಹಿಗ್ಗಿಸಿಕೊಳ್ಳುತ್ತೇವೆ, ಅಕ್ಷರ ದೊಡ್ಡದಾಗಿದೆ ಅನಿಸುತ್ತದೆ, ಇನ್ನೂ ನಾಲ್ಕು ಸಾಲು ಸೇರಿಸುತ್ತೇವೆ. ಹಾಗಾಗಿ ಬರವಣಿಗೆಯನ್ನು ಸ್ಲೈಡ್ ಆ್ಯಪ್‌ನಲ್ಲಿ ಶುರು ಮಾಡಲೇಬೇಡಿ. ನೋಟ್ಸ್ ಆ್ಯಪ್‌ನಲ್ಲಿ ಸ್ಲೈಡಿಗೊಂದು ಮಾತಿನಂತೆ ಬರೆದುಕೊಳ್ಳಿ, ಆಮೇಲೆ ಒಂದೊಂದಾಗಿ ಅಂಟಿಸಿ. ಒಂದು ಸ್ಲೈಡ್ ಚೆನ್ನಾಗಿ ಬಂದರೆ ಅದನ್ನೇ ನಕಲು ಮಾಡಿ ಪದಗಳನ್ನು ಬದಲಿಸಿ. ಹೆಬ್ಬೆರಳಿನಲ್ಲಿ ಪ್ರತಿ ಸಲ ಬಾಕ್ಸ್ ಎಳೆದು ಕೂರಿಸುವುದು ಸುಮ್ನೆ ತಲೆನೋವು.

ಕನ್ನಡಕ್ಕೆ ಇನ್ನಷ್ಟು ಜಾಗ ಬೇಕು. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳ ಅಂತರ 1.0 ಇದ್ದರೆ ಇವೆರಡೂ ಒಂದಕ್ಕೊಂದು ತೀರಾ ಹತ್ತಿರ ಬರಬಹುದು. ನಾನು 1.2ಕ್ಕಿಂತ ಕಡಿಮೆ ಇಡುವುದಿಲ್ಲ. ಅಕ್ಷರದ ಗಾತ್ರವೂ ಅಷ್ಟೇ, 28ರ ಕೆಳಗೆ ಹೋಗುವುದಿಲ್ಲ.

ಫಾಂಟ್ ವಿಷಯದಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಫೋನಿನಲ್ಲಿರುವ ಕನ್ನಡ ಫಾಂಟ್ ಸಭೆಯ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಅದು ತನ್ನಲ್ಲಿರುವ ಬೇರೆ ಫಾಂಟ್ ಹಾಕಿಕೊಳ್ಳುತ್ತದೆ. ಎರಡರ ಅಕ್ಷರಗಳ ಅಗಲ ಒಂದೇ ಇರುವುದಿಲ್ಲ, ಕೊನೆಯ ಪದ ಬಾಕ್ಸಿನಿಂದ ಆಚೆ ಜಾರುತ್ತದೆ. ಬಾಕ್ಸಿನಲ್ಲಿ ಖಾಲಿ ಜಾಗ ಬಿಡಿ, ಜೊತೆಗೆ ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ. ಪಿಡಿಎಫ್‌ನಲ್ಲಿ ಫಾಂಟ್ ಸಾಮಾನ್ಯವಾಗಿ ಒಳಗೇ ಸೇರಿರುತ್ತದೆ. ಆನಿಮೇಷನ್ ಮಾತ್ರ ಹೋಗುತ್ತದೆ, ಹೋದರೂ ನಷ್ಟವಿಲ್ಲ ಎನ್ನುವವನು ನಾನು. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಎನ್‌ಕೋಡಿಂಗ್‌ನಲ್ಲಿದ್ದ (ಅಕ್ಷರ ಉಳಿಸುವ ಹಳೆಯ ಪದ್ಧತಿಯಲ್ಲಿದ್ದ) ಬರಹವನ್ನು ಹಾಗೇ ಅಂಟಿಸಿದರೆ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ, ಅಂದರೆ ಈಗ ಎಲ್ಲ ಕಡೆ ನಡೆಯುವ ಪದ್ಧತಿಗೆ, ಬದಲಿಸಿ.

ಫೋಟೋ ಬಗ್ಗೆ ಎರಡೇ ಮಾತು. ಫುಲ್ ಎಚ್‌ಡಿ ಪ್ರೊಜೆಕ್ಟರ್ ತೋರಿಸುವುದು ಸುಮಾರು 20 ಲಕ್ಷ ಪಿಕ್ಸೆಲ್ (ಚಿತ್ರದ ಚುಕ್ಕೆಗಳು). 12 ಮೆಗಾಪಿಕ್ಸೆಲ್, ಅಂದರೆ 120 ಲಕ್ಷ ಪಿಕ್ಸೆಲ್ ಫೋಟೋದಲ್ಲಿ ಅದರ ಆರು ಪಟ್ಟು ಇರುತ್ತದೆ. ಇಂಥವು ಹತ್ತಾರು ಸೇರಿದರೆ ಫೈಲ್ ಭಾರವಾಗಿ ಆ್ಯಪ್ ತಡವರಿಸುತ್ತದೆ. ಗ್ಯಾಲರಿಯಲ್ಲೇ 16:9ಕ್ಕೆ (ಅಗಲ 16 ಪಾಲು, ಎತ್ತರ 9 ಪಾಲು) ಕತ್ತರಿಸಿ, ಚಿಕ್ಕದು ಮಾಡಿ ಹಾಕಿ.

ಫೋನಿನಿಂದಲೇ ನೇರವಾಗಿ ತೋರಿಸುವುದಾದರೆ ಕೇಬಲ್ ಪರೀಕ್ಷೆಯನ್ನು ಹಿಂದಿನ ದಿನವೇ ಮಾಡಿ. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ವಿಡಿಯೋ ಹೊರಗೆ ಬರುವುದಿಲ್ಲ. ಎಷ್ಟೋ ಫೋನ್‌ಗಳಲ್ಲಿ ಆ ಕಿಂಡಿ ಚಾರ್ಜಿಂಗ್ ಮತ್ತು ಫೈಲ್ ಸಾಗಿಸಲು ಮಾತ್ರ ಇರುತ್ತದೆ. ಸಂಪರ್ಕ ಸಿಕ್ಕ ಮೇಲೆ 'ಡು ನಾಟ್ ಡಿಸ್ಟರ್ಬ್' ಆನ್ ಮಾಡಿ. ಇಲ್ಲದಿದ್ದರೆ ಮನೆಯಿಂದ ಬಂದ ಮೆಸೇಜನ್ನು ಸಭೆಯೆಲ್ಲ ಓದುತ್ತದೆ.