ಉತ್ತರ ಸಿಕ್ಕಿತು, ಪಾಠ ತಲೆಗೆ ಹತ್ತಿತೇ?

ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳನ್ನು ಸಂಶೋಧಕರು ಮೂರು ಗುಂಪು ಮಾಡಿದರು. ವಿಷಯ ಗಣಿತ. ಶಿಕ್ಷಕರು ಪಾಠ ಮುಗಿಸಿದ ಮೇಲೆ ಮಕ್ಕಳು ಲೆಕ್ಕ ಬಿಡಿಸಿ ಅಭ್ಯಾಸ ಮಾಡಬೇಕು. ಮೊದಲ ಗುಂಪಿಗೆ ಪುಸ್ತಕ, ಟಿಪ್ಪಣಿ ಅಷ್ಟೇ. ಎರಡನೆಯದಕ್ಕೆ ಜಿಪಿಟಿ-4 ಎಂಬ ಕೃತಕ ಬುದ್ಧಿಮತ್ತೆ ಆಧರಿಸಿದ, ಕೇಳಿದ್ದಕ್ಕೆ ಉತ್ತರಿಸುವ ಚಾಟ್‌ಬಾಟ್. ಏನು ಬೇಕಾದರೂ ಕೇಳಬಹುದು. ಮೂರನೆಯದಕ್ಕೂ ಅದೇ ಚಾಟ್‌ಬಾಟ್, ಆದರೆ ಅದಕ್ಕೊಂದು ಕಟ್ಟಪ್ಪಣೆ ಇತ್ತು: ಉತ್ತರ ಬಿಟ್ಟುಕೊಡಬಾರದು, ಸುಳಿವು ಮಾತ್ರ ಕೊಡಬೇಕು. ಮಕ್ಕಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ ಎಂಬುದನ್ನೂ ಶಿಕ್ಷಕರು ಅದಕ್ಕೆ ಮೊದಲೇ ತಿಳಿಸಿದ್ದರು.

ಅಭ್ಯಾಸದ ಹೊತ್ತಿನಲ್ಲಿ ಎರಡನೆಯ ಗುಂಪು ಮೊದಲನೆಯದಕ್ಕಿಂತ ಶೇ. 48ರಷ್ಟು, ಮೂರನೆಯದು ಶೇ. 127ರಷ್ಟು ಹೆಚ್ಚು ಅಂಕ ಗಳಿಸಿದವು. ಇಲ್ಲಿಗೇ ನಿಲ್ಲಿಸಿದ್ದರೆ ಇದು ಒಳ್ಳೆಯ ಜಾಹೀರಾತಾಗುತ್ತಿತ್ತು. ಆಮೇಲೆ ಚಾಟ್‌ಬಾಟ್ ಕಿತ್ತುಕೊಂಡು ಎಲ್ಲರಿಗೂ ಪರೀಕ್ಷೆ ಕೊಟ್ಟರು. ಬೇಕಾದದ್ದು ಕೇಳುವ ಸ್ವಾತಂತ್ರ್ಯವಿದ್ದ ಎರಡನೆಯ ಗುಂಪು, ಯಂತ್ರವನ್ನೇ ಮುಟ್ಟದವರಿಗಿಂತ ಶೇ. 17ರಷ್ಟು ಕಡಿಮೆ ಅಂಕ ಪಡೆಯಿತು. ಸುಳಿವು ಪಡೆದವರು ಹಿಂದೆ ಬೀಳಲಿಲ್ಲ, ಮುಂದೆಯೂ ಹೋಗಲಿಲ್ಲ. 2025ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಂಕಗಳಲ್ಲ. ತಾವು ಕಡಿಮೆ ಕಲಿತಿದ್ದೇವೆ ಎಂಬುದು ಆ ಎರಡನೆಯ ಗುಂಪಿನ ಮಕ್ಕಳ ಗಮನಕ್ಕೇ ಬಂದಿರಲಿಲ್ಲ.

ಇದು ಕೃತಕ ಬುದ್ಧಿಮತ್ತೆ ತಂದಿಟ್ಟ ಹೊಸ ರೋಗವೇನಲ್ಲ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಂಪ್ಯೂಟರಿನ ಹಂಗಿಲ್ಲದೆ ಇದೇ ಗುಟ್ಟನ್ನು ತೋರಿಸಿದ್ದರು. ವಿದ್ಯಾರ್ಥಿಗಳಿಗೆ ಒಂದು ಪಠ್ಯಭಾಗ ಓದಲು ಕೊಟ್ಟರು. ಕೆಲವರು ಅದನ್ನೇ ಇನ್ನೊಮ್ಮೆ ಓದಿದರು. ಉಳಿದವರು ಪಠ್ಯ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು: ಶೇ. 81ಕ್ಕೆ ಶೇ. 75. ಒಂದು ವಾರ ಕಳೆದು ಕೇಳಿದಾಗ ಲೆಕ್ಕ ತಿರುವುಮುರುವು. ಮತ್ತೆ ಓದಿದವರಲ್ಲಿ ಉಳಿದದ್ದು ಶೇ. 42, ನೆನಪಿಸಿಕೊಂಡು ಬರೆದವರಲ್ಲಿ ಶೇ. 56. ಓದಿದ್ದನ್ನೇ ಓದುವಾಗ ಎಲ್ಲವೂ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದುಕೊಳ್ಳುತ್ತೇವೆ. ತಲೆಯೊಳಗಿಂದ ತಡಕಾಡಿ ಹೊರತೆಗೆಯುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ. ದಡದಲ್ಲಿ ಕೂತು ನೋಡಿದವನಿಗೆ ಈಜು ಬಾರದು.

ಕಳೆದ ಹದಿನೈದು ವರ್ಷಗಳಲ್ಲಿ ಡಿಜಿಟಲ್ ಶಿಕ್ಷಣ ಎಂಬ ಹೆಸರಿನಲ್ಲಿ ಬಂದದ್ದರಲ್ಲಿ ಬಹುಪಾಲು ದಡಕ್ಕೆ ಕುರ್ಚಿ ಹಾಕಿಕೊಡುವ ಕೆಲಸವೇ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಕೋರ್ಸನ್ನು ಆನ್‌ಲೈನಿನಲ್ಲಿ ಉಚಿತವಾಗಿ ತೆರೆದಾಗ ಸುಮಾರು 1,60,000 ಜನ ಹೆಸರು ನೋಂದಾಯಿಸಿದರು. ಮರುವರ್ಷವೇ ಇಂಥ ಆನ್‌ಲೈನ್ ಕೋರ್ಸು ಕೊಡುವ ಕೋರ್ಸೆರಾ, ಎಡ್‌ಎಕ್ಸ್ ತಾಣಗಳು ಶುರುವಾದವು. ವಿಶ್ವವಿದ್ಯಾಲಯಗಳ ಕಾಲ ಮುಗಿಯಿತು ಎಂದು ಹಲವರು ಷರಾ ಬರೆದರು. ಆದರೆ 2017-18ರ ಹೊತ್ತಿಗೆ ಎಂಐಟಿ ಮತ್ತು ಹಾರ್ವರ್ಡ್‌ನ ಇಂಥ ಕೋರ್ಸುಗಳಿಗೆ ಸೇರಿದವರಲ್ಲಿ ಪೂರ್ತಿ ಮುಗಿಸಿದವರು ಶೇ. 3ರ ಆಸುಪಾಸು. ಸುಮ್ಮನೆ ಇಣುಕಿ ನೋಡಲು ಬಂದವರೂ ಈ ಲೆಕ್ಕದಲ್ಲಿದ್ದಾರೆ, ನಿಜ. ಅದನ್ನು ಕಳೆದರೂ ಅಂಕಿ ಹೆಮ್ಮೆಪಡುವಂಥದ್ದಲ್ಲ. ಪೆರು ದೇಶ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಲಕ್ಷಾಂತರ ಲ್ಯಾಪ್‌ಟಾಪ್ ಹಂಚಿತು. 319 ಶಾಲೆಗಳಲ್ಲಿ ನಡೆದ ಮೌಲ್ಯಮಾಪನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಯಾವ ಸುಧಾರಣೆಯೂ ಕಾಣಲಿಲ್ಲ.

ಹಾಗಾದರೆ ತಂತ್ರಜ್ಞಾನದಿಂದ ಏನೂ ಆಗದೇ? ಆಗುತ್ತದೆ, ಅದು ಮಗುವಿನ ಮುಂದೆ ಸರಿಯಾದ ಲೆಕ್ಕ ಇಟ್ಟು, ಮಗುವಿನಿಂದಲೇ ಬಿಡಿಸಿದಾಗ. ಯಾವುದು ಸರಿಯಾದ ಲೆಕ್ಕ ಎಂದು ಯಂತ್ರಕ್ಕೆ ತಿಳಿಯುವ ಬಗೆ ಸ್ವಾರಸ್ಯಕರ. 1990ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ ರೂಪಿಸಿದ ವಿಧಾನ ಹೀಗಿದೆ. ಭಿನ್ನರಾಶಿ ಕೂಡುವುದು ಈ ಹುಡುಗಿಗೆ ಗೊತ್ತಿರುವ ಸಾಧ್ಯತೆ ಶೇ. 50 ಎಂದು ಯಂತ್ರ ಎಣಿಸಿದೆ ಎನ್ನಿ. ಗೊತ್ತಿಲ್ಲದವರೂ ಊಹೆಯಿಂದ ಸರಿಯುತ್ತರ ಕೊಡುವ ಸಂಭವ ಶೇ. 20, ಗೊತ್ತಿದ್ದವರೂ ಕೈತಪ್ಪುವ ಸಂಭವ ಶೇ. 10 ಎಂದಿಟ್ಟುಕೊಳ್ಳೋಣ. ಹುಡುಗಿ ಸರಿಯುತ್ತರ ಕೊಟ್ಟರೆ ಯಂತ್ರದ ಅಂದಾಜು ಶೇ. 50ರಿಂದ ಸುಮಾರು 82ಕ್ಕೆ ಜಿಗಿಯುತ್ತದೆ. ತಪ್ಪಿದರೆ 11ಕ್ಕೆ ಕುಸಿಯುತ್ತದೆ. ಪ್ರತಿ ಉತ್ತರಕ್ಕೂ ಅಂದಾಜು ಹೀಗೆ ಬದಲಾಗುತ್ತ ಹೋಗುತ್ತದೆ. ಅದು ಶೇ. 95 ಮುಟ್ಟಿತೆಂದರೆ ಮುಂದಿನ ಪಾಠ, ಇಲ್ಲದಿದ್ದರೆ ಅದೇ ಬಗೆಯ ಇನ್ನೊಂದು ಲೆಕ್ಕ. ಇಲ್ಲಿ ಮಾಯೆ ಮಂತ್ರ ಏನೂ ಇಲ್ಲ, ಕಾಲೇಜಿನ ಸಂಭವನೀಯತೆ ಪಾಠ ಅಷ್ಟೇ.

ಇದು ಏಕೆ ಮುಖ್ಯ ಎಂಬುದಕ್ಕೆ ದೆಹಲಿಯ ಒಂದು ಅಧ್ಯಯನ ಸಾಕ್ಷಿ. ಶಾಲೆ ಬಿಟ್ಟ ಮೇಲೆ ಕೇಂದ್ರಗಳಿಗೆ ಬಂದು ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರ್ ಬಳಸುವ ಅವಕಾಶವನ್ನು ಮಕ್ಕಳಿಗೆ ಚೀಟಿ ಎತ್ತಿ ಹಂಚಲಾಗಿತ್ತು. ಆರನೇ ತರಗತಿಯವರು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದಾರೆಂದು ಆರಂಭದ ಪರೀಕ್ಷೆಯೇ ತೋರಿಸಿತು. ನಾಲ್ಕನೆಯದೇ ಅರ್ಥವಾಗದ ಮಗುವಿಗೆ ಆರನೆಯದರ ಪಾಠವನ್ನು ಎಷ್ಟು ಚೆಂದದ ಅನಿಮೇಷನ್‌ನಲ್ಲಿ ತೋರಿಸಿದರೇನು? ಸಾಫ್ಟ್‌ವೇರ್ ಅಂಥ ಮಗುವಿಗೆ ನಾಲ್ಕನೆಯದರ ಲೆಕ್ಕವನ್ನೇ ಕೊಟ್ಟಿತು. ನಾಲ್ಕೂವರೆ ತಿಂಗಳಲ್ಲಿ ಈ ಮಕ್ಕಳ ಗಣಿತದ ಪ್ರಗತಿ, ಅವಕಾಶ ಸಿಗದವರ ಪ್ರಗತಿಯ ಸರಿಸುಮಾರು ಎರಡು ಪಟ್ಟು. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕಿ ಎಷ್ಟೇ ಶ್ರಮಪಟ್ಟರೂ ಪ್ರತಿ ಮಗುವಿಗೆ ಬೇರೆ ಲೆಕ್ಕ ಕೊಡಲಾರಳು. ಯಂತ್ರ ಉಪಯೋಗಕ್ಕೆ ಬರುವುದು ಸರಿಯಾಗಿ ಇಲ್ಲಿ, ಉತ್ತರ ಒಪ್ಪಿಸುವುದರಲ್ಲಲ್ಲ.

ಇದಕ್ಕೆ ದುಬಾರಿ ಸಾಧನ ಬೇಕೇ ಬೇಕು ಎಂದೇನೂ ಇಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ, ಜಗತ್ತಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಮೂರನೇ ಎರಡು ಭಾಗದವರ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ ಎಂದು ಯುನಿಸೆಫ್ ಲೆಕ್ಕ ಹಾಕಿತು. ಆಗ ಬೋಟ್ಸ್‌ವಾನಾದಲ್ಲಿ ಸಂಶೋಧಕರು ಸಾಮಾನ್ಯ ಮೊಬೈಲ್ ಫೋನನ್ನೇ ನೆಚ್ಚಿದರು. ಕೆಲವು ಮನೆಗಳಿಗೆ ವಾರಕ್ಕೊಂದು ಎಸ್ಸೆಮ್ಮೆಸ್‌ನಲ್ಲಿ ಲೆಕ್ಕಗಳು ಹೋದವು. ಇನ್ನು ಕೆಲವಕ್ಕೆ ಎಸ್ಸೆಮ್ಮೆಸ್ ಜೊತೆಗೆ ಹದಿನೈದಿಪ್ಪತ್ತು ನಿಮಿಷದ ಕರೆ: ಸ್ಪೀಕರ್ ಹಾಕಿಸಿ, ಮಗು ಲೆಕ್ಕ ಬಿಡಿಸುವುದನ್ನು ಕೇಳಿಸಿಕೊಂಡು, ಎಡವಿದಲ್ಲಿ ತಿದ್ದುವುದು. ಬರೀ ಎಸ್ಸೆಮ್ಮೆಸ್‌ನಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಕರೆ ಬಂದ ಮನೆಗಳ ಮಕ್ಕಳ ಕಲಿಕೆ ಸುಧಾರಿಸಿತು. ಆಮೇಲೆ ಇದೇ ಪ್ರಯೋಗ ಭಾರತ, ನೇಪಾಳ, ಕೀನ್ಯಾ, ಉಗಾಂಡ, ಫಿಲಿಪ್ಪೀನ್ಸ್‌ಗಳಲ್ಲೂ ನಡೆದು ಅಲ್ಲೂ ಫಲ ಕೊಟ್ಟಿತು.