‘ಇನೆಕ್ಸರಬಲ್’: ಗೋಗರೆದರೂ ನಿಲ್ಲದ್ದು

ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಕೋಲಾರದಲ್ಲಿ ಕೂತು ಓದುತ್ತಿರುವವರಿಗೆ ಇಂಗ್ಲಿಷ್‌ನ ‘ಇನೆಕ್ಸರಬಲ್’ (inexorable) ಪದದ ಬಗ್ಗೆ ಈ ಟಿಪ್ಪಣಿ. ಮೊದಲು ಉಚ್ಚಾರ: ‘ಇನ್-ಎಕ್ಸೋ-ರೇಬಲ್’ ಅಲ್ಲ, ‘ಇ-ನೆಕ್-ಸ-ರ-ಬಲ್’. ಒತ್ತು ‘ನೆಕ್’ ಮೇಲೆ.

ಲ್ಯಾಟಿನ್ನಿನಲ್ಲಿ ‘ಓರಾರೆ’ ಎಂದರೆ ಬೇಡಿಕೊಳ್ಳುವುದು, ‘ಎಕ್ಸೋರಾರೆ’ ಎಂದರೆ ಬೇಡಿ ಬೇಡಿ ಒಲಿಸಿಕೊಳ್ಳುವುದು. ಹಾಗೆ ಒಲಿಯದ್ದೇ ಇನೆಕ್ಸರಬಲ್. ನಾವು ‘ಜಪ್ಪಯ್ಯ ಅಂದ್ರೂ ಜಗ್ಗಲ್ಲ’ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಹಿಂದೆ ಕಠೋರ ನ್ಯಾಯಾಧೀಶನಿಗೂ ಈ ಪದ ಹಾಕುತ್ತಿದ್ದರು. ಈಗ ಬಹುಪಾಲು ವಿದ್ಯಮಾನಗಳಿಗೇ: ರೈಸ್, ಡಿಕ್ಲೈನ್, ಮಾರ್ಚ್ ಆಫ್ ಟೈಮ್.

ಬಳಕೆಯಲ್ಲಿ ಎಡವುವುದು ಇಲ್ಲಿ. ಕೋಲಾರದ ಅಂತರ್ಜಲ ಕುಸಿತಕ್ಕೆ ಇನೆಕ್ಸರಬಲ್ ಹಾಕಬಹುದೇ? ನಾನಂತೂ ಹಾಕುವುದಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರತೊಡಗಿದ ಮೇಲೆ ಕೆರೆಗಳ ಆಸುಪಾಸಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೇರಿತು. (ಆ ನೀರಿನ ಗುಣಮಟ್ಟದ ಜಗಳ ಬೇರೆ.) ತಡೆಯಲು ದಾರಿಯಿದ್ದ ಕುಸಿತಕ್ಕೆ ‘ರಿಲೆಂಟ್‌ಲೆಸ್’ ಸಾಕು, ಬಿಡುವಿಲ್ಲದೆ ನಡೆಯಿತು ಎಂದಷ್ಟೇ ಅದು ಹೇಳುತ್ತದೆ. ಕೆಜಿಎಫ್ ಕಥೆ ಹಾಗಲ್ಲ. ಗಣಿ ಮೂರು ಕಿಲೋಮೀಟರಿಗೂ ಆಳ ಇಳಿಯಿತು, ಅದಿರಿನಲ್ಲಿ ಚಿನ್ನದ ಅಂಶ ಕಡಿಮೆಯಾಗುತ್ತ ಬಂತು, ತೆಗೆಯುವ ಖರ್ಚು ಏರಿತು. ಕಾರ್ಮಿಕರು ಎಷ್ಟು ಮೊರೆಯಿಟ್ಟರೂ 2001ರ ಫೆಬ್ರವರಿ 28ರಂದು ಬಾಗಿಲು ಬಿತ್ತು. ‘ದಿ ಮೈನ್ಸ್ ಮೂವ್ಡ್ ಇನೆಕ್ಸರಬ್ಲಿ ಟುವರ್ಡ್ಸ್ ಕ್ಲೋಷರ್’ ಎಂದು ಧೈರ್ಯವಾಗಿ ಬರೆಯಿರಿ. ‘ಇನೆಕ್ಸರಬ್ಲಿ ಟುವರ್ಡ್ಸ್’ ತೀರಾ ರೂಢಿಯ ಜೋಡಿ.

ಉಳಿದ ಸಮಾನಾರ್ಥಕಗಳು ಬೇಗ ಮುಗಿಯುತ್ತವೆ. ‘ಅನ್‌ಸ್ಟಾಪಬಲ್’ ಮಾತಿನ ಪದ, ಕ್ರಿಕೆಟ್ ಸುದ್ದಿಗೆ ಚೆಂದ. ‘ಇಂಪ್ಲಾಕಬಲ್’ ಶಮನವಾಗದ ದ್ವೇಷಕ್ಕೆ, ಹಗೆಗೆ. ‘ಇಂಡಾಮಿಟಬಲ್’ (ಸೋಲಿಗೆ ಬಗ್ಗದ) ಹೊಗಳಿಕೆ, ಸಾಮಾನ್ಯವಾಗಿ ‘ಸ್ಪಿರಿಟ್’ ಜೊತೆ. ‘ಇನೆವಿಟಬಲ್’ ಕೊನೆಗೆ ಆಗಿಯೇ ತೀರುವ ಫಲಿತಾಂಶದ ಮಾತು, ನಮ್ಮ ‘ಇನೆಕ್ಸರಬಲ್’ ಅಲ್ಲಿಗೆ ಕೊಂಡೊಯ್ಯುವ ನಡೆಯ ಮಾತು. ಇನೆಕ್ಸರಬಲ್‌ಗೆ ಸಮಾನಾರ್ಥಕ ಕೇಳಿ, ಆಯ್ಕೆಗಳಲ್ಲಿ ‘ಇನೆವಿಟಬಲ್’ ಜೊತೆ ‘ರಿಲೆಂಟ್‌ಲೆಸ್’ ಕೂಡ ಇದ್ದರೆ ರಿಲೆಂಟ್‌ಲೆಸ್‌ಗೆ ಗುರುತು ಹಾಕಿ. ‘ಇರ್ರೆಸಿಸ್ಟಬಲ್’ಗೆ ತಡೆಯಲಾಗದ್ದು ಎಂಬ ಅರ್ಥವಿದ್ದರೂ ಆಸೆ ಹುಟ್ಟಿಸುವ ವಸ್ತುವಿಗೇ ಹೆಚ್ಚು. ಶ್ರೀನಿವಾಸಪುರದ ಬಾದಾಮಿ ಮಾವು ಇರ್ರೆಸಿಸ್ಟಬಲ್. ಇನೆಕ್ಸರಬಲ್ ಎಂದು ಬರೆದರೆ ಹಣ್ಣು ಅಟ್ಟಿಸಿಕೊಂಡು ಬಂತೇನೋ ಅನ್ನಿಸುತ್ತದೆ.

ವಿರುದ್ಧಪದ ಕೇಳಿದರೆ ‘ಫ್ಲೆಕ್ಸಿಬಲ್’ ಅಥವಾ ‘ಲೀನಿಯಂಟ್’ ಹುಡುಕಿ. ‘ಎಕ್ಸರಬಲ್’ ಎಂಬ ಪದವೂ ನಿಘಂಟಿನಲ್ಲಿದೆ, ಆದರೆ ಬಳಸುವವರು ಅಪರೂಪ. ಪ್ರಬಂಧದಲ್ಲಿ ನೀವೂ ಅದರ ತಂಟೆಗೆ ಹೋಗಬೇಡಿ.