ಭಾವಶ್ರಮ: ಸಿಟ್ಟು ನುಂಗಿಕೊಳ್ಳುವುದೂ ಕೆಲಸವೇ

ಬೆಳಗಿನ ಮೊದಲ ಟ್ರಿಪ್‌ನಲ್ಲೇ ಹತ್ತು ಜನ ಐನೂರರ ನೋಟು ಚಾಚಿದರೆ ಕಂಡಕ್ಟರ್ ಏನು ಮಾಡಬೇಕು? ಟಿಕೆಟ್ ಕೊಡಬೇಕು, ಚಿಲ್ಲರೆ ಹೊಂದಿಸಬೇಕು, ಸ್ಟೇಜ್ ಲೆಕ್ಕ ತಪ್ಪದಂತೆ ನೋಡಿಕೊಳ್ಳಬೇಕು. ಇದೆಲ್ಲ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ. ಹತ್ತನೆಯವನು ‘ಚಿಲ್ಲರೆ ಇಟ್ಟುಕೊಳ್ಳುವುದು ನಿಮ್ಮ ಡ್ಯೂಟಿ’ ಎಂದು ಗದರಿದಾಗ, ನಾಲಿಗೆಯ ತುದಿಗೆ ಬಂದ ಮಾತನ್ನು ಅವರು ಒಳಕ್ಕೆ ಎಳೆದುಕೊಳ್ಳುತ್ತಾರಲ್ಲ, ಅದು? ಅದಕ್ಕೆ ನಾವು ತಾಳ್ಮೆ ಎನ್ನುತ್ತೇವೆ, ಒಳ್ಳೆಯ ಸ್ವಭಾವ ಎನ್ನುತ್ತೇವೆ. ಸಮಾಜಶಾಸ್ತ್ರ ಅದನ್ನೂ ಕೆಲಸದ ಲೆಕ್ಕಕ್ಕೇ ಸೇರಿಸಿತು. ಇಂಗ್ಲಿಷಿನಲ್ಲಿ ಅದಕ್ಕೆ ‘ಎಮೋಷನಲ್ ಲೇಬರ್’ ಎಂದು ಹೆಸರು, ಕನ್ನಡದಲ್ಲಿ ಭಾವಶ್ರಮ ಎನ್ನಬಹುದು. ‘ಭಾವನಾತ್ಮಕ ದುಡಿಮೆ’ ಎಂದೂ ಬರೆಯಬಹುದು, ಆದರೆ ಅದು ಬಾಯಿಗೆ ಉದ್ದವಾಯಿತು.

ಈ ಪರಿಕಲ್ಪನೆಗೆ ಹೆಸರು ತಂದವರು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. 1983ರಲ್ಲಿ ಪ್ರಕಟವಾದ ‘ದಿ ಮ್ಯಾನೇಜ್ಡ್ ಹಾರ್ಟ್’ ಪುಸ್ತಕಕ್ಕಾಗಿ ಅವರು ಡೆಲ್ಟಾ ವಿಮಾನ ಸಂಸ್ಥೆಯ ಗಗನಸಖಿಯರನ್ನೂ, ಬಾಕಿ ವಸೂಲಿ ಮಾಡುವವರನ್ನೂ ಅಧ್ಯಯನ ಮಾಡಿದರು. ಈ ಜೋಡಿಯೇ ಸೊಗಸು. ಒಬ್ಬರ ಕೆಲಸ ಎದುರಿಗಿದ್ದವರ ಮನಸ್ಸನ್ನು ಹಗುರಗೊಳಿಸುವುದು, ಇನ್ನೊಬ್ಬರದು ಅದನ್ನು ಕುಗ್ಗಿಸುವುದು. ನಗುವಿನಂತೆ ಗಡಸುತನವೂ ಸಂಬಳಕ್ಕೆ ದೊರೆಯುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದದ್ದು ನೆನಪಿದ್ದರೆ, ಈ ಎರಡನೆಯ ಬಗೆ ನಮಗೇನೂ ಹೊಸದಲ್ಲ.

ಹಾಕ್‌ಶೀಲ್ಡ್ ಇಂಥ ಕೆಲಸಗಳಿಗೆ ಮೂರು ಗುರುತು ಹೇಳಿದರು: ಜನರೊಡನೆ ಮುಖಾಮುಖಿಯಾಗಿ ಇಲ್ಲವೇ ದನಿಯ ಮೂಲಕ ವ್ಯವಹರಿಸಬೇಕು, ಅವರಲ್ಲಿ ಒಂದು ಭಾವವನ್ನು ಹುಟ್ಟಿಸಬೇಕು, ಮತ್ತು ನೌಕರರ ಭಾವದ ಮೇಲೆ ಮಾಲೀಕರ ಹಿಡಿತವಿರಬೇಕು. ಮೂರನೆಯದೇ ಮುಖ್ಯ. ಸೂತಕದ ಮನೆಯಲ್ಲಿ ನಗಬಾರದು, ಮದುವೆಮನೆಯಲ್ಲಿ ಮುಖ ಗಂಟಿಕ್ಕಬಾರದು ಎಂಬ ಭಾವನಿಯಮಗಳು ಎಲ್ಲ ಸಮಾಜಗಳಲ್ಲೂ ಇವೆ. ಅವನ್ನು ಕಂಪನಿ ಬರೆದು, ತರಬೇತಿ ಕೊಟ್ಟು, ಮೇಲ್ವಿಚಾರಕರನ್ನು ಇಟ್ಟು ಕಾಯತೊಡಗಿದಾಗ ಭಾವಶ್ರಮ ಶುರುವಾಗುತ್ತದೆ.

ಅದನ್ನು ಮಾಡುವ ದಾರಿ ಎರಡು, ಮೇಲ್ಪದರದ ನಟನೆ ಮತ್ತು ಆಳದ ನಟನೆ. ಕನ್ನಡ ಈ ವ್ಯತ್ಯಾಸವನ್ನು ಎಂದೋ ಗುರುತಿಸಿದೆ. ‘ಸಿಟ್ಟು ನುಂಗಿಕೊಂಡೆ’ ಎನ್ನುವವನಲ್ಲಿ ಸಿಟ್ಟು ಹಾಗೆಯೇ ಇದೆ, ಹೊರಗೆ ಕಾಣುತ್ತಿಲ್ಲ ಅಷ್ಟೇ. ‘ತಪ್ಪನ್ನು ಹೊಟ್ಟೆಗೆ ಹಾಕಿಕೊಂಡೆ’ ಎನ್ನುವವನಲ್ಲಿ ಅದು ಅರಗಿದೆ. ಗಗನಸಖಿಯರಿಗೆ ಕಲಿಸುತ್ತಿದ್ದದ್ದು ಈ ಎರಡನೆಯದನ್ನು: ಕೂಗಾಡುವ ಪ್ರಯಾಣಿಕನನ್ನು ಹಟ ಹಿಡಿದ ಮಗುವೆಂದು ಭಾವಿಸಿ, ಅವನಿಗೆ ಏನೋ ದುಃಖವಿರಬಹುದೆಂದು ಕಲ್ಪಿಸಿಕೊಳ್ಳಿ. ಆಳದ ನಟನೆಯ ವಿಚಾರವನ್ನು ಹಾಕ್‌ಶೀಲ್ಡ್ ತೆಗೆದುಕೊಂಡದ್ದು ರಷ್ಯಾದ ರಂಗತಜ್ಞ ಸ್ತಾನಿಸ್ಲಾವ್‌ಸ್ಕಿಯಿಂದ.

ಬರಿದೇ ನುಂಗಿಕೊಂಡರೆ ಏನಾಗುತ್ತದೆ? ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವರಿಗೆ ಅಸಹ್ಯ ಹುಟ್ಟಿಸುವ ದೃಶ್ಯ ತೋರಿಸಿ, ಮುಖದಲ್ಲಿ ಏನೂ ಕಾಣದಂತೆ ನೋಡಿಕೊಳ್ಳಿ ಎಂದರು. ಮುಖ ಮಾತು ಕೇಳಿತು. ಒಳಗಿನ ಅಸಹ್ಯ ಇಳಿಯಲಿಲ್ಲ, ಚರ್ಮದ ಬೆವರನ್ನು ಅಳೆಯುವ ಸೂಚಕವಂತೂ ಏರಿತು. ಬೆವರನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಒಳಗಿನ ಭಾವ ಮೈಮೇಲೆ ತಾನಾಗಿ ತೋರುವ ಗುರುತುಗಳಲ್ಲಿ, ಒಂದೆಂದು ಎಣಿಸಿದ ನಾಟ್ಯಶಾಸ್ತ್ರದ ಭರತನಿಗೆ ಇದರಿಂದ ಆಶ್ಚರ್ಯವಾಗುತ್ತಿರಲಿಲ್ಲ.

ಹಾಗೆಂದು ಆಳದ ನಟನೆಯೇ ಮದ್ದು ಎಂದು ಹಾಕ್‌ಶೀಲ್ಡ್ ಹೇಳಲಿಲ್ಲ. ಹಾರಾಟ ಮುಗಿಸಿ ಮನೆಗೆ ಬಂದರೂ ಕೃತಕ ಉತ್ಸಾಹವನ್ನು ಕಳಚಿಡಲಾಗದ ಗಗನಸಖಿಯರನ್ನು ಅವರು ಕಂಡಿದ್ದರು. ಯಾವ ನಗು ತನ್ನದು, ಯಾವುದು ಕಂಪನಿಯದು ಎಂಬ ಗೆರೆಯೇ ಅಳಿಸಿಹೋಗುವುದು ಅವರ ಚಿಂತೆಯಾಗಿತ್ತು. ಸಿಬ್ಬಂದಿಗೆ ಭಾವನಿಯಂತ್ರಣದ ಶಿಬಿರ ಏರ್ಪಡಿಸುವ ಕಚೇರಿಗಳು ಈ ಭಾಗವನ್ನು ಓದಿದಂತೆ ಕಾಣುವುದಿಲ್ಲ. ಐವರು ಕೂರಬೇಕಾದ ಕೌಂಟರಿನಲ್ಲಿ ಒಬ್ಬರನ್ನೇ ಕೂರಿಸಿ, ಅವರಿಗೆ ದೀರ್ಘವಾಗಿ ಉಸಿರಾಡಲು ಹೇಳಿಕೊಡುವುದು ನನಗಂತೂ ತಮಾಷೆಯಾಗಿ ತೋರುತ್ತದೆ.

ಈಚೆಗೆ ಪದದ ಅರ್ಥ ಸಡಿಲವಾಗಿದೆ. ನೆಂಟರ ಹುಟ್ಟುಹಬ್ಬ ನೆನಪಿಡುವುದು, ಮನೆಯವರ ಮುನಿಸು ತಿಳಿಗೊಳಿಸುವುದು, ದಿನಸಿ ಪಟ್ಟಿ ಬರೆಯುವುದು, ಎಲ್ಲವೂ ಭಾವಶ್ರಮವೇ ಆಗಿಬಿಟ್ಟಿವೆ. ಇದು ಅತಿಯಾಯಿತೆಂದು 2018ರ ಸಂದರ್ಶನವೊಂದರಲ್ಲಿ ಹಾಕ್‌ಶೀಲ್ಡ್ ಅವರೇ ಆಕ್ಷೇಪಿಸಿದರು. ಸಂಬಳವಿಲ್ಲದೆ ಮನೆಯಲ್ಲಿ, ಗೆಳೆತನದಲ್ಲಿ ಭಾವವನ್ನು ಹದಗೊಳಿಸುವುದಕ್ಕೆ ಅವರು ಬೇರೆಯೇ ಹೆಸರು ಕೊಟ್ಟಿದ್ದರು. ಅದನ್ನು ಭಾವಕಾರ್ಯ ಎನ್ನೋಣ.

ಈ ಶ್ರಮ ಎಲ್ಲರ ಪಾಲಿಗೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ಗಗನಸಖಿಯ ಮೇಲೆ ಹರಿಹಾಯುವ ಪ್ರಯಾಣಿಕ, ಅದೇ ಮಾತನ್ನು ಪುರುಷ ಸಹೋದ್ಯೋಗಿ ಹೇಳಿದಾಗ ತೆಪ್ಪಗಾಗುತ್ತಿದ್ದ. ಹೆಂಗಸರಿಗೆ ಸ್ಥಾನಮಾನದ ಗುರಾಣಿ ಇಲ್ಲ ಎಂದು ಹಾಕ್‌ಶೀಲ್ಡ್ ಇದನ್ನು ವಿವರಿಸಿದರು. ಆಸ್ಪತ್ರೆಯ ವಾರ್ಡಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು. ದೊಡ್ಡ ಡಾಕ್ಟರು ರೌಂಡ್ಸ್‌ಗೆ ಬಂದಾಗ ರೋಗಿಯ ಕಡೆಯವರು ಕೈಕಟ್ಟಿ ನಿಲ್ಲುತ್ತಾರೆ. ಅವರು ಅತ್ತ ಹೋದೊಡನೆ ಬಿಲ್ಲು, ತಡವಾದ ವರದಿ, ಸಿಗದ ಹಾಸಿಗೆ ಎಲ್ಲದರ ಸಿಟ್ಟೂ ‘ಏನು ಸಿಸ್ಟರ್ ಇದು’ ಎಂದು ಶುರುವಾಗುತ್ತದೆ.